ಏಜೆಂಟ್‌ ಹೆಸರು ಪರದೆ ಮೇಲೆ ಬಂದರೆ ಸಾಕೇ? ಬೆಡ್‌ರಾಕ್ ಏಜೆಂಟ್‌ಗಳನ್ನು ಐಡೆಂಟಿಟಿ ಗವರ್ನೆನ್ಸ್‌ಗೆ ಜೋಡಿಸುವ ಬಗೆ

ಪ್ರಶ್ನೆ: ನಾನು ಶಿವಮೊಗ್ಗದ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಲ್ಲಿ ಐಟಿ ವಿಭಾಗ ನೋಡಿಕೊಳ್ಳುತ್ತೇನೆ. ಸಾಗರ, ತೀರ್ಥಹಳ್ಳಿ, ಹೊಸನಗರದಲ್ಲಿ ಶಾಖೆಗಳಿವೆ. ಹೊರಗಿನ ಕಂಪನಿಯೊಂದರಿಂದ ಅಮೆಜಾನ್ ಬೆಡ್‌ರಾಕ್ (ಎಐ ಆ್ಯಪ್ ಕಟ್ಟಲು ಅಮೆಜಾನ್ ಕೊಡುವ ಕ್ಲೌಡ್ ಸೇವೆ) ಮೇಲೆ ಮೂರು ಎಐ ಏಜೆಂಟ್ ಮಾಡಿಸಿದ್ದೇವೆ. ಮೊದಲನೆಯದು ಆ ದಿನದ ಅಡಿಕೆ ಧಾರಣೆ ಹೇಳುತ್ತದೆ. ಇನ್ನೊಂದು ಸದಸ್ಯರಿಗೆ ಅವರ ಮುಂಗಡ ಬಾಕಿ ಮತ್ತು ಅಡಿಕೆ ಮಾರಾಟದ ಪಟ್ಟಿಯ ವಿವರ ಕೊಡುತ್ತದೆ. ಮೂರನೆಯದು ಸಿಬ್ಬಂದಿಗೆ ಹಳೆಯ ಸುತ್ತೋಲೆ ಹುಡುಕಿಕೊಡುತ್ತದೆ. ನೌಕರರ ಲಾಗಿನ್‌, ಅಧಿಕಾರಗಳಿಗೆ ನಮ್ಮಲ್ಲಿ ಐಡೆಂಟಿಟಿ ಗವರ್ನೆನ್ಸ್ ಸಾಫ್ಟ್‌ವೇರ್, ಅಂದರೆ ಯಾರಿಗೆ ಯಾವ ಅಧಿಕಾರವಿದೆ ಎಂದು ದಾಖಲಿಸಿ ಪರಿಶೀಲಿಸುವ ವ್ಯವಸ್ಥೆ ಇದೆ. ಈ ಸಲ ಆಡಿಟರ್, “ಈ ಏಜೆಂಟ್‌ಗಳಿಗೆ ಏನೇನು ಅಧಿಕಾರ ಕೊಟ್ಟಿದ್ದೀರಿ, ಹೊಣೆ ಯಾರದ್ದು, ಕೊನೆಯ ಸಲ ಪರಿಶೀಲಿಸಿದ್ದು ಯಾವಾಗ?” ಎಂದು ಕೇಳಿದ್ದಾರೆ. ಕಂಪನಿಯವರು “ಕನೆಕ್ಟರ್ ಇದೆ, ಒಂದು ಆಕ್ಸೆಸ್ ಕೀ ಕೊಡಿ, ಅರ್ಧ ದಿನದ ಕೆಲಸ” ಎನ್ನುತ್ತಿದ್ದಾರೆ. ಅಷ್ಟೇ ಸಾಕೇ?

ಉತ್ತರ: ಅರ್ಧ ದಿನದ ಕೆಲಸ ಎಂದದ್ದು ಸುಳ್ಳೇನಲ್ಲ. ಕನೆಕ್ಟರ್ ಎಂದರೆ ಬೇರೊಂದು ವ್ಯವಸ್ಥೆಯ ಖಾತೆ, ಅಧಿಕಾರಗಳನ್ನು ಓದಿ ಗವರ್ನೆನ್ಸ್‌ಗೆ ತಂದುಕೊಡುವ ಕೊಂಡಿ. ಮೂರು ಏಜೆಂಟ್‌ಗಳ ಹೆಸರು ನಿಮ್ಮ ಗವರ್ನೆನ್ಸ್ ಪರದೆ ಮೇಲೆ ಬರುವಂತೆ ಮಾಡಲು ಅಷ್ಟು ಹೊತ್ತು ಸಾಕು. ಆದರೆ ಆಡಿಟರ್ ಕೇಳಿದ್ದು ಅಧಿಕಾರ ಏನು, ಹೊಣೆ ಯಾರದ್ದು ಎಂದು. ಈ ಎರಡಕ್ಕೂ ಬೆಡ್‌ರಾಕ್‌ನ ಏಜೆಂಟ್ ಪುಟದಲ್ಲಿ ಉತ್ತರ ಸಿಗುವುದಿಲ್ಲ. ಅಧಿಕಾರ ಇರುವುದು ಏಜೆಂಟ್ ಹಿಂದಿರುವ ಸರಪಳಿಯ ತುದಿಯಲ್ಲಿ. ಹೊಣೆಯನ್ನಂತೂ ನೀವೇ ಒಬ್ಬರ ಹೆಸರಿಗೆ ಬರೆಯಬೇಕು, ಅದನ್ನು ಯಾವ ಕನೆಕ್ಟರೂ ಹುಡುಕಿಕೊಡುವುದಿಲ್ಲ.

ಮೊದಲು ಆ ಆಕ್ಸೆಸ್ ಕೀ, ಅಂದರೆ ಖಾತೆಯೊಳಗೆ ಹೋಗಲು ಪ್ರೋಗ್ರಾಂ ಬಳಸುವ ಗುಪ್ತ ಸಂಕೇತದ ವಿಷಯ ಮುಗಿಸೋಣ. ಕೊಡಬೇಡಿ. ಐಎಎಂನಲ್ಲಿ (ಎಡಬ್ಲ್ಯೂಎಸ್, ಅಂದರೆ ಅಮೆಜಾನ್ ಕ್ಲೌಡ್‌ನಲ್ಲಿ ಅಧಿಕಾರ ನಿರ್ವಹಿಸುವ ಭಾಗ) ಯೂಸರ್ ಒಂದನ್ನು ಸೃಷ್ಟಿಸಿ ಅದರ ಕೀ ಜೋಡಿಯನ್ನು ಇಮೇಲ್‌ನಲ್ಲಿ ಕಳಿಸಿದರೆ ಅದಕ್ಕೆ ಅವಧಿಯೇ ಇರುವುದಿಲ್ಲ, ಕಂಪನಿಯ ಯಾವ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ವರ್ಷ ಉಳಿಯುತ್ತದೋ ಹೇಳಲಾಗದು. ಅದರ ಬದಲು ನಿಮ್ಮ ಎಡಬ್ಲ್ಯೂಎಸ್ ಖಾತೆಯಲ್ಲಿ ಒಂದು ರೋಲ್ (ಬೇಕಾದಾಗ ತಾತ್ಕಾಲಿಕವಾಗಿ ಧರಿಸುವ ಅಧಿಕಾರದ ಗುರುತು) ಮಾಡಿ, ಗವರ್ನೆನ್ಸ್ ಸಾಫ್ಟ್‌ವೇರ್‌ನವರ ಖಾತೆ ಮಾತ್ರ ಅದನ್ನು ಧರಿಸಲು ಬಿಡಿ, ಜೊತೆಗೆ ಎಕ್ಸ್‌ಟರ್ನಲ್ ಐಡಿ ಷರತ್ತು ಹಾಕಿ. ಆ ಸಾಫ್ಟ್‌ವೇರ್‌ನ ಬೇರೊಬ್ಬ ಗ್ರಾಹಕ ನಿಮ್ಮ ರೋಲ್‌ನ ವಿಳಾಸ ತಿಳಿದು ತನ್ನ ಕಡೆಯಿಂದ ನಿಮ್ಮ ಖಾತೆಯೊಳಗೆ ಇಣುಕದಂತೆ ತಡೆಯುವುದೇ ಈ ಐಡಿಯ ಕೆಲಸ.

ರೋಲ್‌ಗೆ ಎಷ್ಟು ಅಧಿಕಾರ ಕೊಡಬೇಕು ಎಂಬಲ್ಲೂ ಒಂದು ಎಡವಟ್ಟು ಕಾದಿದೆ. “ಓದಲು ಮಾತ್ರ ತಾನೇ” ಎಂದು ಎಡಬ್ಲ್ಯೂಎಸ್‌ನ ಸಿದ್ಧ ರೀಡ್‌ಓನ್ಲಿಆಕ್ಸೆಸ್ ಪಾಲಿಸಿಯನ್ನು (ಅಧಿಕಾರಗಳ ಪಟ್ಟಿಯನ್ನು) ಅಂಟಿಸಿಬಿಡುವವರು ಬಹಳ. ಆ ಪಾಲಿಸಿ ಸೆಟ್ಟಿಂಗ್‌ಗಳನ್ನಷ್ಟೇ ಓದುವುದಿಲ್ಲ, ಎಸ್3 ಬಕೆಟ್‌ಗಳೊಳಗಿನ (ಅಮೆಜಾನ್‌ನ ಕಡತ ಸಂಗ್ರಹದೊಳಗಿನ) ಕಡತಗಳನ್ನೂ ಓದುತ್ತದೆ. ನಿಮ್ಮ ಸದಸ್ಯರ ಪಹಣಿ, ಆಧಾರ್ ಸ್ಕ್ಯಾನ್‌ಗಳು ಅಲ್ಲಿದ್ದರೆ ಅವೂ ಅದರೊಳಗೇ ಬಂದವು. ಕನೆಕ್ಟರ್‌ಗೆ ಬೇಕಿರುವುದು ಇಷ್ಟು: ಬೆಡ್‌ರಾಕ್‌ನಲ್ಲಿ ಏಜೆಂಟ್, ಅದರ ವರ್ಷನ್, ಅಲಿಯಾಸ್, ಆಕ್ಷನ್ ಗ್ರೂಪ್ (ಏಜೆಂಟ್ ಮಾಡಬಲ್ಲ ಕೆಲಸಗಳ ಪಟ್ಟಿ), ನಾಲೆಜ್ ಬೇಸ್ (ಅದು ಹುಡುಕುವ ಕಡತಗಳ ಸಂಗ್ರಹ) ಮತ್ತು ಟ್ಯಾಗ್‌ಗಳನ್ನು (ಅಂಟಿಸಿದ ಗುರುತು ಚೀಟಿಗಳನ್ನು) ಓದುವುದು, ಐಎಎಂನಲ್ಲಿ ರೋಲ್ ಮತ್ತು ಪಾಲಿಸಿಗಳನ್ನು ಓದುವುದು, ಲ್ಯಾಂಬ್ಡಾದ (ಕರೆದಾಗ ಮಾತ್ರ ಓಡುವ ಚಿಕ್ಕ ಪ್ರೋಗ್ರಾಂನ) ಸೆಟ್ಟಿಂಗ್ ಮತ್ತು ಅದರ ಪಾಲಿಸಿ ಓದುವುದು. ಇಷ್ಟನ್ನು ಹೆಸರಿಸಿ ಪಾಲಿಸಿಯನ್ನು ಕೈಯಾರೆ ಬರೆಯಿರಿ. ಬರೆಯುವ, ಅಳಿಸುವ ಅಧಿಕಾರ ಸದ್ಯಕ್ಕೆ ಒಂದೂ ಬೇಡ.

ಈಗ ಆ ಸರಪಳಿಗೆ ಬರುತ್ತೇನೆ. ನಿಮ್ಮ ಎರಡನೆಯ ಏಜೆಂಟ್, ಅಂದರೆ ಮುಂಗಡ ಬಾಕಿ ಹೇಳುವುದನ್ನೇ ತೆಗೆದುಕೊಳ್ಳಿ. ಬೆಡ್‌ರಾಕ್‌ನ ಪ್ರತಿ ಏಜೆಂಟ್‌ಗೂ ಒಂದು ಎಕ್ಸಿಕ್ಯೂಷನ್ ರೋಲ್ ಇರುತ್ತದೆ. ಆ ರೋಲ್ ತೆರೆದು ನೋಡಿದರೆ ಸಾಮಾನ್ಯವಾಗಿ ಕಾಣುವುದು ಎರಡು ಮೂರು ಸಾಲು: ಇಂಥ ಮಾಡೆಲ್ ಕರೆಯಬಹುದು, ಇಂಥ ನಾಲೆಜ್ ಬೇಸ್‌ನಿಂದ ಹುಡುಕಬಹುದು, ಎಸ್3ಯಲ್ಲಿರುವ ಎಪಿಐ ವಿವರಣೆಯ ಕಡತ ಓದಬಹುದು. ಮುಂಗಡದ ಲೆಡ್ಜರ್ ಸುದ್ದಿಯೇ ಅಲ್ಲಿಲ್ಲ. ಏಕೆಂದರೆ ಏಜೆಂಟ್ ತಾನಾಗಿ ಲೆಡ್ಜರ್ ಮುಟ್ಟುವುದಿಲ್ಲ. ಅದು ಆಕ್ಷನ್ ಗ್ರೂಪ್ ಮೂಲಕ ಒಂದು ಲ್ಯಾಂಬ್ಡಾ ಫಂಕ್ಷನ್ ಅನ್ನು ಕರೆಯುತ್ತದೆ. ಆ ಕರೆಗೆ ಅನುಮತಿ ಬರೆದಿರುವುದು ಲ್ಯಾಂಬ್ಡಾದ ಮೇಲಿನ ಪಾಲಿಸಿಯಲ್ಲಿ, ಏಜೆಂಟ್‌ನ ರೋಲ್‌ನಲ್ಲಿ ಅಲ್ಲ. ಲ್ಯಾಂಬ್ಡಾಕ್ಕೆ ಅದರದೇ ರೋಲ್. ಆ ರೋಲ್ ಸೀಕ್ರೆಟ್ಸ್ ಮ್ಯಾನೇಜರ್‌ನಿಂದ ಒಂದು ಪಾಸ್‌ವರ್ಡ್ ತೆಗೆಯುತ್ತದೆ. ಆ ಪಾಸ್‌ವರ್ಡ್ ಡೇಟಾಬೇಸ್‌ನ ಒಬ್ಬ ಯೂಸರ್‌ನದ್ದು. ಆ ಯೂಸರ್‌ಗೆ ಏನು ಅಧಿಕಾರ ಇದೆಯೋ, ನಿಮ್ಮ ಏಜೆಂಟ್‌ನ ನಿಜವಾದ ಅಧಿಕಾರವೂ ಅದೇ. ಗೋದಾಮಿನ ಕೀಲಿ ತನ್ನ ಹತ್ತಿರ ಇಲ್ಲ ಎನ್ನುವ ರೈಟರಿಗೆ, ಕೇಳಿದಾಗೆಲ್ಲ ಬಾಗಿಲು ತೆಗೆದುಕೊಡುವ ವಾಚ್‌ಮನ್ ಇದ್ದ ಹಾಗೆ.

ಕಂಪನಿಯವರು ಕೆಲಸ ಬೇಗ ಆಗಲೆಂದು ಆ ಡೇಟಾಬೇಸ್ ಯೂಸರ್‌ಗೆ ಪೂರ್ತಿ ಮಾಲೀಕತ್ವದ ಹಕ್ಕು ಕೊಟ್ಟು ಹೋಗಿರುವ ಸಾಧ್ಯತೆ ಇದ್ದೇ ಇದೆ. ಎಸ್‌ಕ್ಯೂಎಲ್ ಸರ್ವರ್ ಇದ್ದರೆ ಡಿಬಿ ಓನರ್ ಎಂಬ ರೋಲ್ ಇದೆಯೇ ಎಂದು ಇವತ್ತೇ ನೋಡಿ. ಇದ್ದರೆ, ಬಾಕಿ ಹೇಳಬೇಕಾದ ಏಜೆಂಟ್‌ನ ದಾರಿಯಲ್ಲಿ ಬಾಕಿ ತಿದ್ದುವ ಕೈಯೂ ಇದೆ ಎಂದಾಯಿತು. ಭಾಷಾ ಮಾದರಿಗಳ ಅಪಾಯಗಳ ಬಗ್ಗೆ ಸಾಫ್ಟ್‌ವೇರ್ ಸುರಕ್ಷತೆಯ ಓವಾಸ್ಪ್ ಸಂಸ್ಥೆ ಪ್ರಕಟಿಸಿರುವ 2025ರ ಪಟ್ಟಿಯಲ್ಲಿ ಇದಕ್ಕೆ ‘ಎಕ್ಸೆಸಿವ್ ಏಜೆನ್ಸಿ’ ಎಂದು ಹೆಸರಿಟ್ಟು ಆರನೆಯ ಸ್ಥಾನ ಕೊಟ್ಟಿದ್ದಾರೆ. ಮೊದಲನೆಯ ಸ್ಥಾನ ಪ್ರಾಂಪ್ಟ್ ಇಂಜೆಕ್ಷನ್‌ಗೆ, ಅಂದರೆ ಮಾತಿನಲ್ಲೇ ಮರುಳು ಮಾಡಿ ಏಜೆಂಟ್‌ನಿಂದ ಬೇರೆ ಕೆಲಸ ಮಾಡಿಸುವುದಕ್ಕೆ. ಒಂದು ಮತ್ತು ಆರು ಒಟ್ಟಿಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಮುಂಗಡ ವಿಭಾಗದವರಿಗೆ ವಿವರಿಸಿ ಹೇಳಬೇಕಿಲ್ಲ.

ಕನೆಕ್ಟರ್ ಎಕ್ಸಿಕ್ಯೂಷನ್ ರೋಲ್‌ವರೆಗೆ ಓದಿ ನಿಂತುಬಿಟ್ಟರೆ ಪರಿಶೀಲನೆಯ ದಿನ ಏನಾಗುತ್ತದೆ ನೋಡಿ. ಮುಂಗಡ ವಿಭಾಗದ ಮ್ಯಾನೇಜರ್‌ ಪರದೆ ಮೇಲೆ ಒಂದು ಸಾಲು ಬರುತ್ತದೆ: “ಏಜೆಂಟ್: ಬಾಕಿ-ವಿಚಾರಣೆ-ಪ್ರಾಡ್. ಅಧಿಕಾರ: ಬೆಡ್‌ರಾಕ್ ಇನ್ವೋಕ್‌ಮಾಡೆಲ್. ಒಪ್ಪಿಗೆ / ರದ್ದು.” ಅವರಿಗೆ ಇದರಲ್ಲಿ ಒಂದು ಅಕ್ಷರವೂ ಅರ್ಥವಾಗುವುದಿಲ್ಲ. ರದ್ದು ಮಾಡಿದರೆ ನಾಳೆ ಏನೋ ನಿಂತುಹೋದೀತು ಎಂಬ ಭಯ. ಒಪ್ಪಿಗೆ ಒತ್ತುತ್ತಾರೆ. ಆಡಿಟ್‌ಗೆ ಕಾಗದ ಸಿಕ್ಕಿತು, ಪರಿಶೀಲನೆ ಮಾತ್ರ ಆಗಲೇ ಇಲ್ಲ. ಅದೇ ಸಾಲು ಹೀಗೆ ಬಂದರೆ: “ಬಾಕಿ ಹೇಳುವ ಏಜೆಂಟ್. ಎಲ್ಲ ಶಾಖೆಗಳ ಎಲ್ಲ ಸದಸ್ಯರ ಮುಂಗಡ ಖಾತೆ ಓದಬಹುದು. ಮುಂಗಡ ಖಾತೆ ತಿದ್ದಬಹುದು. ಮಾರಾಟದ ಪಟ್ಟಿ ಓದಬಹುದು.” “ತಿದ್ದಬಹುದು” ಎಂಬುದನ್ನು ಓದಿದ ಕೂಡಲೇ ಆ ಮ್ಯಾನೇಜರ್ “ತಿದ್ದುವುದು ಯಾಕೆ ಬೇಕು ಇದಕ್ಕೆ?” ಎಂದು ನಿಮಗೆ ಫೋನ್ ಮಾಡುತ್ತಾರೆ. ನಿಮಗೆ ಬೇಕಿರುವುದು ಆ ಫೋನ್.

ಹಾಗಾಗಿ ಎಂಟೈಟಲ್‌ಮೆಂಟ್‌ಗಳನ್ನು, ಅಂದರೆ ಪರಿಶೀಲನೆಗೆ ಬರುವ ಅಧಿಕಾರದ ಸಾಲುಗಳನ್ನು, ಎಡಬ್ಲ್ಯೂಎಸ್ ಕೊಟ್ಟ ಹೆಸರಿನಲ್ಲೇ ಬಿಡಬೇಡಿ. ನಿಮ್ಮ ಗವರ್ನೆನ್ಸ್ ಸಾಫ್ಟ್‌ವೇರ್ ಸೇಲ್‌ಪಾಯಿಂಟ್, ಸವಿಯಂಟ್, ಮೈಕ್ರೋಸಾಫ್ಟ್ ಎಂಟ್ರಾ, ಯಾವುದೇ ಇರಲಿ, ಎಂಟೈಟಲ್‌ಮೆಂಟ್‌ಗೆ ಬೇರೆ ಹೆಸರು, ವಿವರಣೆ ಬರೆಯುವ ಜಾಗ ಸಾಮಾನ್ಯವಾಗಿ ಇರುತ್ತದೆ. ಕನ್ನಡದಲ್ಲೇ ಬರೆಯಿರಿ. ಮೂರು ಏಜೆಂಟ್‌ಗೆ ಒಂದು ಹದಿನೈದು ಇಪ್ಪತ್ತು ಸಾಲು ಆಗಬಹುದು, ಒಂದು ಮಧ್ಯಾಹ್ನ ಸಾಕು. ಸರಪಳಿಯ ತುದಿಯಲ್ಲಿರುವ ಡೇಟಾಬೇಸ್ ಹಕ್ಕನ್ನು ಕನೆಕ್ಟರ್ ತಾನಾಗಿ ಬೆಡ್‌ರಾಕ್‌ ಏಜೆಂಟ್‌ಗೆ ತಂದು ಜೋಡಿಸುತ್ತದೆ ಎಂದು ನಂಬಿ ಕೂರಬೇಡಿ. ಡೇಟಾಬೇಸನ್ನು ಪ್ರತ್ಯೇಕ ಮೂಲವಾಗಿ ಗವರ್ನೆನ್ಸ್‌ಗೆ ತಂದು, ಆ ಯೂಸರ್ ಖಾತೆಯನ್ನು ಏಜೆಂಟ್‌ನ ಗುರುತಿಗೆ ನೀವೇ ಕೂಡಿಸಬೇಕಾಗಬಹುದು. ಒಂದು ಏಜೆಂಟ್‌ಗೆ ಒಂದೇ ಲ್ಯಾಂಬ್ಡಾ ರೋಲ್, ಒಂದೇ ಡೇಟಾಬೇಸ್ ಯೂಸರ್ ಎಂಬ ಶಿಸ್ತು ಇದ್ದರೆ ಮಾತ್ರ ಈ ಕೂಡಿಕೆ ಸಲೀಸು. ಮೂರೂ ಏಜೆಂಟ್‌ಗಳು ಒಂದೇ ಯೂಸರ್ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದರೆ ಮೊದಲು ಅದನ್ನು ಬೇರೆ ಮಾಡಿಸಿ. ಕನೆಕ್ಟರ್ ಆಮೇಲೆ.

ಸುತ್ತೋಲೆ ಹುಡುಕುವ ಮೂರನೆಯ ಏಜೆಂಟ್ ಪಾಪದ್ದು ಎಂದು ನಿಮ್ಮ ಪತ್ರದ ಧಾಟಿಯಲ್ಲಿ ಕಂಡಿತು. ನನಗೆ ಅದರ ಮೇಲೇ ಹೆಚ್ಚು ಅನುಮಾನ. ಅದಕ್ಕೆ ಆಕ್ಷನ್ ಗ್ರೂಪ್ ಇಲ್ಲದಿರಬಹುದು, ಬರೀ ನಾಲೆಜ್ ಬೇಸ್. ಆದರೆ ನಾಲೆಜ್ ಬೇಸ್‌ಗೆ ಕಡತ ಬರುವುದು ಒಂದು ಎಸ್3 ಬಕೆಟ್‌ನಿಂದ. ಆ ಬಕೆಟ್‌ಗೆ ಯಾರೋ ಆಡಳಿತ ಮಂಡಳಿಯ ನಡಾವಳಿಯನ್ನೋ ಒಬ್ಬ ನೌಕರರ ಇಲಾಖಾ ವಿಚಾರಣೆಯ ವರದಿಯನ್ನೋ ಹಾಕಿ, ಮುಂದಿನ ಸಿಂಕ್ ಆದರೆ, ಕೌಂಟರ್‌ನಲ್ಲಿ ಕೂತವರು ಕೇಳಿದರೂ ಅದರಿಂದ ಉತ್ತರ ಬರುತ್ತದೆ. ಏಜೆಂಟ್ ಬದಲಾಗಿಲ್ಲ, ರೋಲ್ ಬದಲಾಗಿಲ್ಲ, ಗವರ್ನೆನ್ಸ್ ಪರದೆಯಲ್ಲಿ ಏನೂ ಬದಲಾಗಿಲ್ಲ. ಇಲ್ಲಿ ಪರಿಶೀಲಿಸಬೇಕಾದ ಅಧಿಕಾರ ಆ ಬಕೆಟ್‌ಗೆ ಕಡತ ಹಾಕುವ ಹಕ್ಕು ಯಾರಿಗಿದೆ ಎಂಬುದು. ಅದನ್ನೂ ಏಜೆಂಟ್‌ನ ಹೊಣೆಗಾರರ ಪರಿಶೀಲನೆಗೇ ಸೇರಿಸಿ.

ಇನ್ನು ಕನೆಕ್ಟರ್ ಓದುವಾಗ ತಪ್ಪಿಹೋಗುವ ಸಂಗತಿಗಳು. ಬೆಡ್‌ರಾಕ್ ಏಜೆಂಟ್‌ಗಳು ಒಂದೊಂದು ರೀಜನ್‌ಗೆ (ಅಮೆಜಾನ್‌ನ ಡೇಟಾಸೆಂಟರ್‌ಗಳಿರುವ ಪ್ರದೇಶಕ್ಕೆ) ಸೇರಿದವು. ಮುಂಬೈ ರೀಜನ್ ಕೇಳಿದರೆ ಮುಂಬೈಯವು ಮಾತ್ರ ಬರುತ್ತವೆ. ಹೊಸ ಮಾಡೆಲ್‌ಗಳು ಅಮೆರಿಕದ ರೀಜನ್‌ಗಳಿಗೆ ಮೊದಲು ಬರುವುದೇ ಹೆಚ್ಚಾದ್ದರಿಂದ ಡೆವಲಪರ್‌ಗಳು ಪ್ರಯೋಗವನ್ನು ಉತ್ತರ ವರ್ಜೀನಿಯಾದಲ್ಲಿ ಮಾಡಿ, ಆಮೇಲೆ ಮುಂಬೈಗೆ ತಂದು, ಹಳೆಯದನ್ನು ಅಲ್ಲೇ ಮರೆತುಬಿಡುವುದುಂಟು. ಮೂರು ಏಜೆಂಟ್ ಎಂದು ನೀವು ಬರೆದಿದ್ದೀರಿ. ಎಲ್ಲ ರೀಜನ್‌ ಹುಡುಕಿದ ಮೇಲೆ ಆ ಸಂಖ್ಯೆ ಹಾಗೇ ಉಳಿದರೆ ಸಂತೋಷ. ಐಎಎಂ ಮಾತ್ರ ಇಡೀ ಖಾತೆಗೆ ಒಂದೇ ಆದ್ದರಿಂದ ಅಲ್ಲೊಂದು ಸುಲಭದ ಹುಡುಕಾಟ ಇದೆ. ಕನ್ಸೋಲ್‌ನಿಂದ ಮಾಡಿದ ಏಜೆಂಟ್‌ಗಳ ರೋಲ್ ಹೆಸರು ‘ಅಮೆಜಾನ್‌ಬೆಡ್‌ರಾಕ್‌ಎಕ್ಸಿಕ್ಯೂಷನ್‌ರೋಲ್‌ಫಾರ್‌ಏಜೆಂಟ್ಸ್’ ಎಂದು ಶುರುವಾಗುತ್ತದೆ. ಆ ಹೆಸರಿನ ರೋಲ್‌ಗಳು ಏಜೆಂಟ್‌ಗಳಿಗಿಂತ ಹೆಚ್ಚಿದ್ದರೆ, ಯಾವುದೋ ರೀಜನ್‌ನಲ್ಲಿ ಏಜೆಂಟ್ ಉಳಿದಿದೆ ಅಥವಾ ಏಜೆಂಟ್ ಅಳಿಸಿದರೂ ರೋಲ್ ಉಳಿದಿದೆ. ಎರಡೂ ನಿಮಗೆ ಬೇಕಾದ ಸುದ್ದಿಯೇ.

ಇದಕ್ಕಿಂತ ಸೂಕ್ಷ್ಮವಾದದ್ದು ವರ್ಷನ್. ಏಜೆಂಟ್‌ಗೆ ಡ್ರಾಫ್ಟ್ ಎಂಬ ಕೆಲಸದ ಪ್ರತಿ ಇರುತ್ತದೆ, ಅದರಿಂದ ನಂಬರ್ ಹಾಕಿದ ವರ್ಷನ್‌ಗಳು ಹುಟ್ಟುತ್ತವೆ, ಅಲಿಯಾಸ್ ಎಂಬುದು ಯಾವುದೋ ಒಂದು ವರ್ಷನ್ ಕಡೆ ಬೆರಳು ತೋರಿಸುತ್ತದೆ. ಜನ ಬಳಸುವುದು ಅಲಿಯಾಸ್ ಅನ್ನು. ಆಕ್ಷನ್ ಗ್ರೂಪ್‌ಗಳ ಪಟ್ಟಿ ಕೇಳುವಾಗ ಯಾವ ವರ್ಷನ್‌ನದ್ದು ಎಂದು ಹೇಳಲೇಬೇಕು. ಕನೆಕ್ಟರ್ ಡ್ರಾಫ್ಟ್‌ನದನ್ನಷ್ಟೇ ಓದಿದರೆ ನೀವು ಪರಿಶೀಲಿಸುವುದು ಡೆವಲಪರ್‌ನ ಮೇಜಿನ ಮೇಲಿರುವ ಏಜೆಂಟ್ ಅನ್ನು, ಸದಸ್ಯರು ಮಾತಾಡುತ್ತಿರುವುದು ಬೇರೆಯದರ ಜೊತೆ. ಡ್ರಾಫ್ಟ್‌ನಲ್ಲಿ “ಬಾಕಿ ತಿದ್ದು” ಎಂಬ ಆಕ್ಷನ್ ತೆಗೆದಿರಬಹುದು, ಚಾಲ್ತಿಯ ವರ್ಷನ್‌ನಲ್ಲಿ ಅದು ಇನ್ನೂ ಇರಬಹುದು. ಕಂಪನಿಯವರಿಗೆ ಒಂದೇ ಪ್ರಶ್ನೆ ಕೇಳಿ: “ನಿಮ್ಮ ಕನೆಕ್ಟರ್ ಯಾವ ವರ್ಷನ್‌ನ ಆಕ್ಷನ್ ಗ್ರೂಪ್ ಓದುತ್ತದೆ?” ಅವರು ತಡವರಿಸಿದರೆ ಡೆಮೋ ಮಾತ್ರ ನೋಡಿದವರು ಎಂದುಕೊಳ್ಳಿ.

ಏಜೆಂಟ್ ಅನ್ನು ಗವರ್ನೆನ್ಸ್‌ನಲ್ಲಿ ಏನೆಂದು ದಾಖಲಿಸಬೇಕು? ನೌಕರರ ಪಟ್ಟಿಗೆ ಒಂದು ಹುಸಿ ನೌಕರನಂತೆ ಸೇರಿಸಬೇಡಿ. ಸೇರಿಸಿದರೆ ಹಾಜರಾತಿ, ವರ್ಗಾವಣೆ, ನಿವೃತ್ತಿಗೆಂದು ಮಾಡಿಟ್ಟ ನಿಯಮಗಳೆಲ್ಲ ಅದರ ಮೇಲೂ ಓಡುತ್ತವೆ, ಸೇರಿದ ದಿನ ಎಲ್ಲರಿಗೂ ಸಿಗುವ ಇಮೇಲ್, ಕಡತ ಹಂಚಿಕೆಯ ಹಕ್ಕುಗಳು ಅದಕ್ಕೂ ಸಿಗುತ್ತವೆ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಮಷಿನ್ ಐಡೆಂಟಿಟಿ ಅಥವಾ ಏಜೆಂಟ್ ಎಂಬ ಬೇರೆ ಬಗೆ ಇರುತ್ತದೆ, ಅದನ್ನೇ ಬಳಸಿ. ನಿಮ್ಮ ಪರವಾನಗಿಯಲ್ಲಿ ಅದು ಇಲ್ಲದಿದ್ದರೆ, ಒಂದು ಪ್ರತ್ಯೇಕ ಮೂಲ ಮಾಡಿ ದಿನಕ್ಕೊಂದು ಸಿಎಸ್‌ವಿ ಕಡತದಿಂದ ತುಂಬಿದರೂ ಆಡಿಟ್‌ಗೆ ಸಾಲುತ್ತದೆ. ನಾಚಿಕೆ ಪಡಬೇಕಾಗಿಲ್ಲ. “ಸ್ಕಿಮ್‌ನಲ್ಲಿ ಮಾಡಬಾರದೇ?” ಎಂದು ಯಾರಾದರೂ ಕೇಳಿಯಾರು. ಖಾತೆಗಳ ವಿವರವನ್ನು ವ್ಯವಸ್ಥೆಗಳ ನಡುವೆ ಸಾಗಿಸುವ 2015ರ ಸ್ಕಿಮ್ ಮಾನದಂಡ ಮೂಲತಃ ಯೂಸರ್ ಮತ್ತು ಗ್ರೂಪ್‌ಗೆ ಮಾಡಿದ್ದು. ಏಜೆಂಟ್‌ಗಳಿಗೆ ವಿಸ್ತರಿಸುವ ಪ್ರಸ್ತಾವಗಳು ಕರಡಿನ ರೂಪದಲ್ಲಿ ಓಡಾಡುತ್ತಿವೆ. ಅದಕ್ಕೆ ಕಾಯುತ್ತ ಕೂರುವಷ್ಟು ಪುರುಸೊತ್ತು ನಿಮ್ಮ ಆಡಿಟರ್‌ಗೆ ಇರಲಿಕ್ಕಿಲ್ಲ.

ಹೊಣೆಗಾರರನ್ನು ಗುರುತಿಸಲು ಏಜೆಂಟ್‌ನ ಮೇಲೆ ಟ್ಯಾಗ್ ಹಾಕಿಸಿ, ಅದರಲ್ಲಿ ನೌಕರರ ಸಂಖ್ಯೆ ಇರಲಿ. ಹೆಸರು ಬೇಡ. ನಮ್ಮ ಕಡೆ ಒಂದೇ ಕಚೇರಿಯಲ್ಲಿ ಇಬ್ಬರು ಮಂಜುನಾಥ, ಇಬ್ಬರು ಗಣಪತಿ ಇರುವುದು ಮಾಮೂಲು. ಗವರ್ನೆನ್ಸ್ ಸಾಫ್ಟ್‌ವೇರ್ ಆ ಸಂಖ್ಯೆಯನ್ನು ನೌಕರರ ಪಟ್ಟಿಯ ಸಂಖ್ಯೆಯ ಜೊತೆ ತಾಳೆ ಹಾಕಿ ಏಜೆಂಟ್ ಅನ್ನು ವ್ಯಕ್ತಿಗೆ ಕೂಡಿಸುತ್ತದೆ. ಟ್ಯಾಗ್ ಇಲ್ಲದ ಏಜೆಂಟ್‌ಗಳು ‘ವಾರಸುದಾರರಿಲ್ಲ’ ಪಟ್ಟಿಯಲ್ಲಿ ಎದ್ದು ಕಾಣುತ್ತವೆ.

ಯಾರನ್ನು ಹೊಣೆಗಾರರನ್ನಾಗಿ ಮಾಡಬೇಕು ಎಂಬಲ್ಲಿ ನನ್ನ ಅಭಿಪ್ರಾಯ ಗಟ್ಟಿ: ನಿಮ್ಮನ್ನಲ್ಲ. ಐಟಿಯವರು ಏಜೆಂಟ್ ನಡೆಸುವವರು, ಅದು ತಪ್ಪು ಹೇಳಿದರೆ ಸದಸ್ಯರು ಹುಡುಕಿಕೊಂಡು ಹೋಗುವುದು ಮುಂಗಡ ವಿಭಾಗಕ್ಕೆ. ಆ ವಿಭಾಗದ ಮ್ಯಾನೇಜರ್ ಹೊಣೆಗಾರರು, ಅವರ ಕೆಳಗಿನವರೊಬ್ಬರು ಎರಡನೆಯ ಹೆಸರು. ಹೊರಗಿನ ಕಂಪನಿಯವರ ಹೆಸರು ಈ ಜಾಗದಲ್ಲಿ ಬರಲೇಬಾರದು, ಗುತ್ತಿಗೆ ಮುಗಿದ ದಿನ ಹೊಣೆಯೂ ಹೊರಟುಹೋಗುತ್ತದೆ. ಒಬ್ಬರು ನಿವೃತ್ತರಾದಾಗ ಅವರ ಲಾಗಿನ್ ಮುಚ್ಚುವ ಕ್ರಮ ನಿಮ್ಮಲ್ಲಿ ಈಗಾಗಲೇ ಇರುತ್ತದೆ. “ಇವರ ಹೆಸರಿನಲ್ಲಿ ಏಜೆಂಟ್ ಇದೆ, ಬೇರೆಯವರಿಗೆ ವಹಿಸದೆ ಮುಚ್ಚುವಂತಿಲ್ಲ” ಎಂಬ ಹೆಜ್ಜೆಯನ್ನು ಅದಕ್ಕೇ ಸೇರಿಸಿ. ಜೋಡಣೆಯ ಅತಿ ದೊಡ್ಡ ಲಾಭ ಇದೇ ಎನ್ನುತ್ತೇನೆ, ಇದನ್ನು ಎಕ್ಸೆಲ್ ಹಾಳೆಯಲ್ಲಿ ಮಾಡಲಾಗದು.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಿಲ್ಲ, ಆಡಿಟರ್ ಮುಂದಿನ ಸಲ ಕೇಳುತ್ತಾರೆ. ಏಜೆಂಟ್ ಕೆಲಸ ಮಾಡುವುದು ತನ್ನ ಅಧಿಕಾರದಲ್ಲೋ, ಕೇಳಿದವರ ಅಧಿಕಾರದಲ್ಲೋ? ಬಾಕಿ ಏಜೆಂಟ್‌ಗೆ ಎಲ್ಲ ಸದಸ್ಯರ ಖಾತೆ ಓದುವ ಹಕ್ಕಿದೆ. ಒಬ್ಬ ಸದಸ್ಯರು ಒಟಿಪಿ ಹಾಕಿ ಒಳಗೆ ಬಂದು, ಪಕ್ಕದ ತೋಟದವರ ಸದಸ್ಯ ಸಂಖ್ಯೆ ಹಾಕಿ “ನನ್ನ ಬಾಕಿ ಎಷ್ಟು?” ಎಂದು ಕೇಳಿದರೆ? ಲ್ಯಾಂಬ್ಡಾ ಆ ಸಂಖ್ಯೆಯನ್ನು ಮಾತುಕತೆಯಿಂದ, ಅಂದರೆ ಮಾಡೆಲ್ ತುಂಬಿಕೊಟ್ಟ ಪ್ಯಾರಾಮೀಟರ್‌ನಿಂದ ತೆಗೆದುಕೊಳ್ಳುತ್ತಿದ್ದರೆ ಉತ್ತರ ಬಂದೇಬಿಡುತ್ತದೆ. ಅಧಿಕಾರ ಇರುವವನನ್ನು ಅಧಿಕಾರ ಇಲ್ಲದವನು ಬಳಸಿಕೊಳ್ಳುವ ಈ ಸಮಸ್ಯೆ ಹಳೆಯದು. ನಾರ್ಮ್ ಹಾರ್ಡಿ 1988ರಲ್ಲೇ ಇದನ್ನು ‘ಕನ್‌ಫ್ಯೂಸ್ಡ್ ಡೆಪ್ಯುಟಿ’ ಎಂದು ಕರೆದು ಬರೆದಿದ್ದರು. ಬೆಡ್‌ರಾಕ್‌ನಲ್ಲಿ ಇದಕ್ಕೆ ನೇರ ದಾರಿ ಸೆಷನ್ ಆಟ್ರಿಬ್ಯೂಟ್. ನಿಮ್ಮ ಆ್ಯಪ್ ಲಾಗಿನ್ ಆದವರ ಸದಸ್ಯ ಸಂಖ್ಯೆಯನ್ನು ಏಜೆಂಟ್ ಕರೆಯುವಾಗ ಸೆಷನ್ ಆಟ್ರಿಬ್ಯೂಟ್‌ನಲ್ಲಿ ಇಡುತ್ತದೆ, ಅದು ಲ್ಯಾಂಬ್ಡಾಕ್ಕೆ ನೇರ ತಲುಪುತ್ತದೆ. ಲ್ಯಾಂಬ್ಡಾ ಅದನ್ನೇ ನಂಬಬೇಕು, ಮಾತಿನಲ್ಲಿ ಬಂದ ಸಂಖ್ಯೆಯನ್ನು ಅಲ್ಲ. ಪ್ರಾಂಪ್ಟ್ ಸೆಷನ್ ಆಟ್ರಿಬ್ಯೂಟ್ ಎಂಬ ಹೆಚ್ಚುಕಡಿಮೆ ಅದೇ ಹೆಸರಿನ ಇನ್ನೊಂದು ಇದೆ. ಅದು ಪ್ರಾಂಪ್ಟ್‌ನಲ್ಲಿ ಮಾಡೆಲ್ ಕಣ್ಣಿಗೆ ಬೀಳುವಂಥದ್ದು, ಗುರುತಿಗೆ ಅದನ್ನು ಬಳಸಬೇಡಿ.

ಈ ಪರೀಕ್ಷೆ ಐದು ನಿಮಿಷದ್ದು: ನಿಮ್ಮದೇ ಎರಡು ಪರೀಕ್ಷಾ ಸದಸ್ಯ ಖಾತೆ ಮಾಡಿ, ಒಂದರಿಂದ ಒಳಗೆ ಬಂದು ಇನ್ನೊಂದರ ಬಾಕಿ ಕೇಳಿ. ಉತ್ತರ ಬಂದರೆ ಕನೆಕ್ಟರ್ ಕೆಲಸ ಅಲ್ಲೇ ನಿಲ್ಲಿಸಿ ಇದನ್ನು ಮೊದಲು ಸರಿಮಾಡಿಸಿ. ಸದಸ್ಯರ ಮಾಹಿತಿ ಎಂದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವಿಷಯವೂ ಹೌದು.

ಮುಂದೆ ಏಜೆಂಟ್ ಬೇರೆ ಸಾಫ್ಟ್‌ವೇರ್‌ಗಳೊಳಗೂ ಹೋಗಬೇಕಾದರೆ, ಬಳಕೆದಾರರ ಟೋಕನ್ (ಲಾಗಿನ್ ಆದ ಮೇಲೆ ಸಿಗುವ ಪ್ರವೇಶ ಚೀಟಿ) ಅನ್ನು ಕಡಿಮೆ ಅಧಿಕಾರದ ಇನ್ನೊಂದು ಟೋಕನ್‌ಗೆ ಬದಲಿಸಿಕೊಳ್ಳುವ ಒಆಥ್ ಟೋಕನ್ ಎಕ್ಸ್‌ಚೇಂಜ್ ಎಂಬ ಕ್ರಮ 2020ರಿಂದ ಮಾನದಂಡವಾಗಿದೆ. ಅಮೆಜಾನ್‌ನ ಹೊಸ ಏಜೆಂಟ್‌ಕೋರ್‌ನಲ್ಲಿ ಏಜೆಂಟ್‌ನ ಗುರುತಿಗೇ ಬೇರೆ ವ್ಯವಸ್ಥೆ ಇದೆ. ಮೂರು ಏಜೆಂಟ್‌ಗಾಗಿ ಈಗಲೇ ಅದಕ್ಕೆ ಹಾರಬೇಕಿಲ್ಲ. ಗವರ್ನೆನ್ಸ್‌ನ ದಾಖಲೆಯಲ್ಲಿ ಪ್ರತಿ ಏಜೆಂಟ್‌ಗೂ “ಸ್ವಂತ ಅಧಿಕಾರ” ಅಥವಾ “ಕೇಳಿದವರ ಅಧಿಕಾರ” ಎಂಬ ಒಂದು ಕಾಲಂ ಇಡಿ. ಸ್ವಂತ ಅಧಿಕಾರದಲ್ಲಿ ನಡೆಯುವ ಏಜೆಂಟ್ ಅನ್ನು ಬಳಸುವ ಹಕ್ಕೇ ಒಂದು ದೊಡ್ಡ ಹಕ್ಕು. ಯಾವ ಸಿಬ್ಬಂದಿ ಅದನ್ನು ಬಳಸಬಹುದು ಎಂಬ ಗುಂಪನ್ನೂ ಪರಿಶೀಲನೆಗೆ ತನ್ನಿ.

ನಮ್ಮ ಊರಿನ ಮಳೆಗೆ ಸಂಬಂಧಿಸಿದ ಮಾತು ಒಂದಿದೆ. ಲೆಡ್ಜರ್ ಶಿವಮೊಗ್ಗ ಕಚೇರಿಯ ಸರ್ವರ್‌ನಲ್ಲೇ ಇದ್ದರೆ ಗವರ್ನೆನ್ಸ್ ಅದನ್ನು ಓದಲು ಕಚೇರಿಯೊಳಗೆ ಒಂದು ಚಿಕ್ಕ ವರ್ಚುವಲ್ ಯಂತ್ರ ಕೂರಿಸುತ್ತಾರೆ, ಅದು ಹೊರಕ್ಕೆ ಮಾತ್ರ ಸಂಪರ್ಕ ಮಾಡುತ್ತದೆ. ಆಷಾಢದಲ್ಲಿ ಮರ ಬಿದ್ದು ಕರೆಂಟು, ಕೇಬಲ್ ಎರಡೂ ಹೋದ ರಾತ್ರಿ ಓದು ಅರ್ಧಕ್ಕೆ ನಿಲ್ಲುತ್ತದೆ. ಅರ್ಧ ಓದಿದ್ದನ್ನು ಪೂರ್ತಿ ಎಂದು ತಿಳಿದು “ಉಳಿದ ಖಾತೆಗಳೆಲ್ಲ ಅಳಿಸಿಹೋಗಿವೆ” ಎಂದು ಸಾಫ್ಟ್‌ವೇರ್ ತೀರ್ಮಾನಿಸದಂತೆ ಅಳಿಸುವಿಕೆಯ ಮಿತಿ ಎಂಬ ಸೆಟ್ಟಿಂಗ್ ಇರುತ್ತದೆ. ಶೇ 10 ಎಂದು ಇಟ್ಟರೆ, ಅದಕ್ಕಿಂತ ಹೆಚ್ಚು ಖಾತೆ ಕಾಣೆಯಾದಾಗ ಅದು ಏನನ್ನೂ ಅಳಿಸುವುದಿಲ್ಲ. ನೌಕರರ ಪಟ್ಟಿಗೆ ಇದು ಚೆನ್ನ. ಮೂರೇ ಏಜೆಂಟ್ ಇರುವ ಮೂಲದಲ್ಲಿ ಒಂದನ್ನು ನೀವು ನಿಜವಾಗಿಯೇ ತೆಗೆದರೂ ಮೂರನೇ ಒಂದು ಪಾಲು ಹೋದಂತೆ, ಮಿತಿ ದಾಟುತ್ತದೆ, ಸತ್ತ ಏಜೆಂಟ್ ಪರದೆಯಲ್ಲಿ ಜೀವಂತವಾಗಿ ಉಳಿಯುತ್ತದೆ. ಈ ಮೂಲಕ್ಕೆ ಮಿತಿಯನ್ನು ಬೇರೆಯಾಗಿ ಇಟ್ಟು, ಕಾಣೆಯಾದದ್ದನ್ನು ಒಬ್ಬರು ಕಣ್ಣಿಂದ ನೋಡಿ ಒಪ್ಪುವಂತೆ ಮಾಡಿ.

ನಿಲ್ಲಿಸುವ ಗುಂಡಿಯ ಬಗ್ಗೆ. ಪರಿಶೀಲನೆಯಲ್ಲಿ ‘ರದ್ದು’ ಒತ್ತಿದರೆ ಏನಾಗಬೇಕು? ಏಜೆಂಟ್ ಅಳಿಸುವುದು ಬೇಡ, ಅಳಿಸಿದ್ದನ್ನು ವಾಪಸ್ ತರಲಾಗದು. ಎಕ್ಸಿಕ್ಯೂಷನ್ ರೋಲ್‌ಗೆ ಎಡಬ್ಲ್ಯೂಎಸ್‌ಡಿನೈಆಲ್ ಎಂಬ ಸಿದ್ಧ ಪಾಲಿಸಿ ಅಂಟಿಸಿದರೆ ಏಜೆಂಟ್‌ಗೆ ಮಾಡೆಲ್ ಕರೆಯಲೇ ಆಗುವುದಿಲ್ಲ, ತುಸು ಹೊತ್ತಿನಲ್ಲಿ ನಿಂತುಹೋಗುತ್ತದೆ. ತೆಗೆದರೆ ಮತ್ತೆ ಓಡುತ್ತದೆ. ಮೊದಲ ಪರಿಶೀಲನೆಯ ಸುತ್ತಿನಲ್ಲಿ ಇದನ್ನು ಗವರ್ನೆನ್ಸ್ ತಾನಾಗಿ ಮಾಡುವುದು ಬೇಡ, ‘ರದ್ದು’ ಎಂದರೆ ನಿಮಗೊಂದು ಟಿಕೆಟ್ ಬರಲಿ, ಕೈಯಾರೆ ಮಾಡಿ. ಟೆಂಡರ್ ನಡೆಯುವ ದಿನ ಧಾರಣೆ ಹೇಳುವ ಏಜೆಂಟ್ ಯಾರದೋ ಕೈತಪ್ಪಿನಿಂದ ನಿಂತರೆ ಶಾಖೆಗಳ ಫೋನ್‌ಗಳಿಗೆ ಬಿಡುವಿರುವುದಿಲ್ಲ. ಎರಡನೆಯ ಸುತ್ತಿನ ಹೊತ್ತಿಗೆ ನಂಬಿಕೆ ಬಂದಿರುತ್ತದೆ, ಆಗ ಕನೆಕ್ಟರ್‌ನ ರೋಲ್‌ಗೆ ಆ ಒಂದೇ ಪಾಲಿಸಿ ಅಂಟಿಸುವ, ತೆಗೆಯುವ ಹಕ್ಕು ಕೊಡಿ.

ಲಾಗ್, ಅಂದರೆ ನಡೆದದ್ದರ ದಾಖಲೆಯ ವಿಷಯದಲ್ಲಿ ಆಡಿಟರ್ ನಿಮ್ಮನ್ನು ಸುಲಭವಾಗಿ ಹಿಡಿಯಬಹುದು, ಮೊದಲೇ ಸರಿಮಾಡಿಕೊಳ್ಳಿ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು. ಖಾತೆಯಲ್ಲಿ ಯಾರು ಏನು ಮಾಡಿದರು ಎಂದು ಬರೆದಿಡುವ ಎಡಬ್ಲ್ಯೂಎಸ್ ಕ್ಲೌಡ್‌ಟ್ರೇಲ್‌ನ ಈವೆಂಟ್ ಹಿಸ್ಟರಿ ತಾನಾಗಿ ಇಡುವುದು 90 ದಿನ. ಅದರಲ್ಲೂ ಮ್ಯಾನೇಜ್‌ಮೆಂಟ್ ಈವೆಂಟ್ (ಸೆಟ್ಟಿಂಗ್ ಬದಲಿಸಿದಂಥವು) ಮಾತ್ರ. ಏಜೆಂಟ್ ಅನ್ನು ಯಾರು ಕರೆದರು ಎಂಬ ಇನ್ವೋಕ್‌ಏಜೆಂಟ್ ದಾಖಲೆ ಡೇಟಾ ಈವೆಂಟ್ ಆದ್ದರಿಂದ, ನೀವಾಗಿ ಟ್ರೇಲ್ ಮಾಡಿ ಚಾಲೂ ಮಾಡದಿದ್ದರೆ ಎಲ್ಲೂ ಉಳಿಯುವುದಿಲ್ಲ. ಮುಂಬೈಯ ಎಸ್3 ಬಕೆಟ್‌ಗೆ ಬೀಳುವಂತೆ ಟ್ರೇಲ್ ಮಾಡಿ, ಅವಧಿ ಒಂದು ವರ್ಷ ಇಡಿ. ಡೇಟಾ ಈವೆಂಟ್‌ಗೆ ಬೇರೆ ಶುಲ್ಕ ಇದೆ, ನಿಮ್ಮ ಬಳಕೆಗೆ ಅದು ಭಾರವಾಗದು.

ಕೆಲಸದ ಕ್ರಮ ಕೇಳಿದರೆ: ಈ ವಾರ ಎಲ್ಲ ರೀಜನ್ ಹುಡುಕಿ, ಡೇಟಾಬೇಸ್ ಯೂಸರ್‌ನ ಹಕ್ಕು ನೋಡಿ, ಎರಡು ಖಾತೆಯ ಪರೀಕ್ಷೆ ಮಾಡಿ, ಟ್ರೇಲ್ ಚಾಲೂ ಮಾಡಿ. ಇದಕ್ಕೆ ಕನೆಕ್ಟರ್ ಬೇಕಿಲ್ಲ. ಮುಂದಿನ ವಾರ ಆಡಳಿತದಿಂದ ಹೊಣೆಗಾರರ ಹೆಸರುಗಳಿಗೆ ಲಿಖಿತ ಒಪ್ಪಿಗೆ ಪಡೆದು ಟ್ಯಾಗ್ ಹಾಕಿಸಿ; ನನ್ನ ಅನುಭವದಲ್ಲಿ ಹೆಚ್ಚು ದಿನ ಹಿಡಿಯುವುದು ಇದೇ, ಯಾರೂ ತಮ್ಮ ಹೆಸರು ಕೊಡಲು ಮುಂದೆ ಬರುವುದಿಲ್ಲ. ಅದಾದ ಮೇಲೆ ಕಂಪನಿಯವರನ್ನು ಅರ್ಧ ದಿನಕ್ಕೆ ಕರೆಸಿ. ಆಡಿಟರ್‌ಗೆ ಈಗಲೇ ಉತ್ತರ ಕೊಡಬೇಕಿದ್ದರೆ ಏಜೆಂಟ್, ವರ್ಷನ್, ಡೇಟಾಬೇಸ್ ಹಕ್ಕು, ಹೊಣೆಗಾರರ ಸಂಖ್ಯೆ, ಸ್ವಂತ ಅಥವಾ ಕೇಳಿದವರ ಅಧಿಕಾರ ಎಂಬ ಐದು ಕಾಲಂಗಳ ಒಂದು ಹಾಳೆಯನ್ನು ದಿನಾಂಕ, ಸಹಿಯೊಂದಿಗೆ ಕೊಡಿ. ಕನೆಕ್ಟರ್ ಓಡಿದ ಮೊದಲ ದಿನ ಅದರ ಫಲಿತಾಂಶವನ್ನು ಇದೇ ಹಾಳೆಯ ಜೊತೆ ಸಾಲು ಸಾಲಾಗಿ ತಾಳೆ ನೋಡಿ. ಎರಡರ ನಡುವೆ ವ್ಯತ್ಯಾಸ ಕಂಡರೆ ಕಂಪನಿಯವರ ಬಿಲ್ ಪಾಸ್ ಮಾಡುವ ಮೊದಲೇ ಅದಕ್ಕೆ ವಿವರಣೆ ಬರೆಸಿಕೊಳ್ಳಿ.